ಗುರುವಾಗಲು ಹನ್ನೊಂದು ವರ್ಷ ಯಾಕೆ?

(ಗುರುಜೀವನದ ಕರೆಗಾಗಿ ಪ್ರಾರ್ಥಿಸುವ ದೈವಕರೆ ಭಾನುವಾರದ ಸಂಜೆ ಕರಾವಳಿಯ ಕಥೋಲಿಕ ಧರ್ಮಕೇಂದ್ರ (ಪ್ಯಾರಿಷ್) ಒಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಇಲ್ಲಿ ಗುರು ಎಂದರೆ ಕಥೋಲಿಕ ಪಾದ್ರಿ)

ವಂದನೀಯ ಗುರುಗಳೇ, ಧರ್ಮಭಗಿನಿಯರೇ, ಧರ್ಮಕೇಂದ್ರದ ಹಿರಿಯರೇ, ಗೆಳೆಯರೇ,

ನಾನು ಗುರುವಲ್ಲ. ಗುರುಗಳನ್ನು ತಯಾರು ಮಾಡುವ ಗುರುಮಠದಲ್ಲಿ ಹಲವು ವರ್ಷ ಕನ್ನಡ ಕಲಿಸಿದ ಒಬ್ಬ ಮಾಸ್ತರ, ಅಷ್ಟೇ. ಹೆಂಡತಿ, ಮಕ್ಕಳು, ಗದ್ದೆ, ಸಾಲ ಎಲ್ಲ ಇದ್ದ ಸಂಸಾರಸ್ಥ. ದೈವಶಾಸ್ತ್ರದ ಪದವಿ ನನ್ನ ಬಳಿ ಇಲ್ಲ. ಆದರೆ ಇಪ್ಪತ್ತು ವರ್ಷದ ಹುಡುಗರು ಬಂದು ಮೂವತ್ತರ ಹೊಸ್ತಿಲಲ್ಲಿ ಗುರುಗಳಾಗಿ ಹೊರಡುವುದನ್ನು ಹತ್ತಿರದಿಂದ ನೋಡಿದ್ದೇನೆ. ಈ ದಿನ ಮಾತನಾಡಲು ಒಪ್ಪಿಕೊಂಡದ್ದು ಆ ಒಂದು ಧೈರ್ಯದ ಮೇಲೆ.

ಕಳೆದ ವರ್ಷ ಒಂದು ಮದುವೆಯ ಊಟದಲ್ಲಿ ಪಕ್ಕದಲ್ಲಿ ಕುಳಿತ ಹಿರಿಯರೊಬ್ಬರು ನನ್ನನ್ನು ಕೇಳಿದರು. ಅವರ ಮೊಮ್ಮಗ ಗುರುಮಠಕ್ಕೆ ಸೇರಿ ಏಳು ವರ್ಷವಾಗಿತ್ತು. "ಡಾಕ್ಟರ ಓದು ಐದೂವರೆ ವರ್ಷಕ್ಕೆ ಮುಗಿಯುತ್ತದೆ ಮಾಸ್ಟ್ರೇ. ಪೂಜೆ ಮಾಡಲು, ನಾಲ್ಕು ಒಳ್ಳೆಯ ಮಾತು ಹೇಳಲು ಹನ್ನೊಂದು ವರ್ಷ ಯಾಕೆ ಬೇಕು? ನಾನು ಕಣ್ಣು ಮುಚ್ಚುವ ಮೊದಲು ಅವನ ಮೊದಲ ಬಲಿಪೂಜೆ (ಮಾಸ್) ನೋಡುತ್ತೇನೆಯೇ?" ಆ ಹೊತ್ತಿಗೆ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ನಿಯಮವೇ ಹಾಗಿದೆ ಎಂದು ಹೇಳಿ ಸುಮ್ಮನಾದೆ. ಅವರ ಕೊನೆಯ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಅವರಿಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಂದು ನಿಮ್ಮ ಮುಂದೆ ಹೇಳಲು ಪ್ರಯತ್ನಿಸುತ್ತೇನೆ.

ಲೆಕ್ಕ ಮೊದಲು ಹೇಳಿಬಿಡುತ್ತೇನೆ. 1983ರ ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ ತತ್ವಶಾಸ್ತ್ರ ಮತ್ತು ದೈವಶಾಸ್ತ್ರದ ಓದು ಕನಿಷ್ಠ ಆರು ಪೂರ್ಣ ವರ್ಷ ನಡೆಯಬೇಕು: ತತ್ವಶಾಸ್ತ್ರಕ್ಕೆ ಎರಡು, ದೈವಶಾಸ್ತ್ರಕ್ಕೆ ನಾಲ್ಕು. ಗುರುದೀಕ್ಷೆಗೆ 25 ವರ್ಷ ತುಂಬಿರಬೇಕು. ಅದರ ಹಿಂದಿನ ಮೆಟ್ಟಿಲಾದ ಡೀಕನ್ ದೀಕ್ಷೆಯ ಮೇಲೆ ಕನಿಷ್ಠ ಆರು ತಿಂಗಳು ಕಾಯಬೇಕು. 2016ರಲ್ಲಿ ರೋಮ್ ಹೊರಡಿಸಿದ ಮಾರ್ಗಸೂಚಿ ಇದಕ್ಕೆ ಮೊದಲೇ ಒಂದರಿಂದ ಎರಡು ವರ್ಷದ ಪೂರ್ವಸಿದ್ಧತೆಯನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ ಇದರ ಜೊತೆಗೆ ಪದವಿ ಓದು ಸೇರುತ್ತದೆ, ಓದಿನ ನಡುವೆ ಯಾವುದಾದರೂ ಧರ್ಮಕೇಂದ್ರದಲ್ಲೋ ವಿದ್ಯಾರ್ಥಿನಿಲಯದಲ್ಲೋ ಕಳೆಯುವ ರೀಜೆನ್ಸಿ ವರ್ಷ ಸೇರುತ್ತದೆ. ಪಿಯುಸಿ ಮುಗಿಸಿ ಬಂದ ಹುಡುಗನಿಗೆ ಹತ್ತು, ಹನ್ನೊಂದು, ಕೆಲವೊಮ್ಮೆ ಹನ್ನೆರಡು ವರ್ಷ ಹಿಡಿಯುವುದು ಹೀಗೆ. ಯೇಸುಸಭೆಯಂಥ (ಜೆಸ್ವಿಟ್) ಸಂಘಗಳಲ್ಲಿ ಇನ್ನೂ ಹೆಚ್ಚು.

ಇದು ಅನಾದಿಯಿಂದ ಬಂದ ಪದ್ಧತಿಯಲ್ಲ. ಹದಿನಾರನೆಯ ಶತಮಾನದವರೆಗೂ ಗುರುಗಳನ್ನು ತಯಾರು ಮಾಡಲು ಎಲ್ಲ ಕಡೆಗೂ ಅನ್ವಯವಾಗುವ ಒಂದು ವ್ಯವಸ್ಥೆಯೇ ಇರಲಿಲ್ಲ. ಕೆಲವರು ವಿಶ್ವವಿದ್ಯಾಲಯಗಳಲ್ಲಿ ಓದಿದರು, ಕೆಲವರು ಪ್ರಧಾನಾಲಯಗಳ (ಕೆಥೆಡ್ರಲ್) ಶಾಲೆಗಳಲ್ಲಿ ಕಲಿತರು. ಹಳ್ಳಿಗಳ ಬಹಳಷ್ಟು ಗುರುಗಳು ಇನ್ನೊಬ್ಬ ಗುರುವಿನ ಹಿಂದೆ ತಿರುಗಿ ಕಲಿತವರು. ತಾವು ಓದುವ ಲತೀನಿನ ಅರ್ಥ ತಿಳಿಯದವರೂ ಅವರಲ್ಲಿದ್ದರು. ಇದಕ್ಕೆ ಬೆಲೆ ತೆತ್ತವರು ವಿಶ್ವಾಸಿಗಳು. 1563ರ ಜುಲೈ 15ರಂದು ಧರ್ಮಾಧ್ಯಕ್ಷರ (ಬಿಷಪ್) ಸಭೆಯಾದ ಟ್ರೆಂಟ್ ಮಹಾಸಭೆಯು ತನ್ನ 23ನೇ ಅಧಿವೇಶನದಲ್ಲಿ, ಒಬ್ಬ ಧರ್ಮಾಧ್ಯಕ್ಷರ ಆಡಳಿತದ ಪ್ರದೇಶವಾದ ಪ್ರತಿ ಧರ್ಮಪ್ರಾಂತ್ಯವೂ ಗುರು ಅಭ್ಯರ್ಥಿಗಳಿಗೆಂದೇ ಒಂದು ವಿದ್ಯಾಲಯ ನಡೆಸಬೇಕೆಂದು ಆಜ್ಞೆ ಮಾಡಿತು. ಆ ಆಜ್ಞೆಯಲ್ಲಿ ನನಗೆ ಬಹಳ ಪ್ರಿಯವಾದ ಒಂದು ಮಾತಿದೆ. ಮುಖ್ಯವಾಗಿ ಬಡವರ ಮಕ್ಕಳನ್ನು ಆರಿಸಿಕೊಳ್ಳಿ, ಶ್ರೀಮಂತರ ಮಕ್ಕಳು ತಮ್ಮ ಖರ್ಚಿನಲ್ಲಿ ಬರಲಿ ಎನ್ನುತ್ತದೆ ಅದು. ಕಲಿಸಬೇಕಾದ ಪಟ್ಟಿಯಲ್ಲಿ ವ್ಯಾಕರಣ, ಹಾಡುಗಾರಿಕೆ, ಹಬ್ಬಗಳ ದಿನ ಲೆಕ್ಕ ಹಾಕುವ ವಿದ್ಯೆ, ಪವಿತ್ರಗ್ರಂಥ, ಸಂತರ ಪ್ರಬೋಧನೆಗಳು, ಸಂಸ್ಕಾರಗಳನ್ನು ನೀಡುವ ಕ್ರಮ ಇವೆಲ್ಲ ಇವೆ. ಅದರಲ್ಲೂ ಪಾಪನಿವೇದನೆ ಕೇಳಲು ಬೇಕಾದ ತಿಳಿವಳಿಕೆಯನ್ನು ವಿಶೇಷವಾಗಿ ಕಲಿಸಬೇಕು ಎಂದು ಹೇಳಲಾಗಿದೆ.

ಇಂಥ ವಿದ್ಯಾಲಯಕ್ಕೆ ಅವರು ಇಟ್ಟ ಹೆಸರು ಸೆಮಿನರಿ. ಲತೀನಿನಲ್ಲಿ ಅದರ ಅರ್ಥ ಸಸಿಮಡಿ. ಇಲ್ಲಿ ಕುಳಿತಿರುವವರಲ್ಲಿ ಅರ್ಧ ಜನ ಮಳೆಗಾಲದಲ್ಲಿ ನೇಜಿ (ಭತ್ತದ ಸಸಿ) ಕಿತ್ತು ನೆಟ್ಟವರು, ಬಿಡಿಸಿ ಹೇಳಬೇಕಾಗಿಲ್ಲ. ಬೀಜವನ್ನು ಒಂದು ಮಡಿಯಲ್ಲಿ ಒತ್ತಾಗಿ ಚೆಲ್ಲಿ, ಬೇರು ಹಿಡಿಯುವವರೆಗೆ ಕಾದು, ಕಿತ್ತು ತಂದು ದೊಡ್ಡ ಗದ್ದೆಗೆ ನೆಡುತ್ತೇವೆ. ಎಳೆಯದಾಗಿ ಕಿತ್ತರೆ ನೀರಿನಲ್ಲಿ ಕೊಳೆಯುತ್ತದೆ. ಮಡಿಯಲ್ಲೇ ಹೆಚ್ಚು ದಿನ ಬಿಟ್ಟರೂ ಕೇಡು. ಬಲಿತ ನೇಜಿ ನೆಟ್ಟ ಮೇಲೆ ಸರಿಯಾಗಿ ತೆನೆಗಟ್ಟುವುದಿಲ್ಲ. ಈ ಎರಡನೆಯ ಮಾತಿಗೆ ಮತ್ತೆ ಬರುತ್ತೇನೆ.

ನಮ್ಮ ನಾಡಿನಲ್ಲಿ ಈ ಸಸಿಮಡಿಗಳಿಗೆ ದೀರ್ಘ ಚರಿತ್ರೆ ಇದೆ. ಮಂಗಳೂರಿನ ಜೆಪ್ಪುವಿನಲ್ಲಿರುವ ಸಂತ ಜೋಸೆಫರ ಗುರುಮಠವನ್ನು ಇಟಲಿಯ ಯೇಸುಸಭೆಯ ಗುರುಗಳು 1879ರಲ್ಲಿ ಆರಂಭಿಸಿದರು. ಬೆಂಗಳೂರಿನ ಮಲ್ಲೇಶ್ವರದ ಸಂತ ಪೇತ್ರರ ಗುರುಮಠದ ಬೇರು ಪುದುಚೇರಿಯಲ್ಲಿದೆ. ಪ್ಯಾರಿಸಿನ ವಿದೇಶಿ ಮಿಷನ್ ಸಂಘದವರು ಅಲ್ಲಿ ಶುರುಮಾಡಿದ್ದು 1934ರಲ್ಲಿ ಬೆಂಗಳೂರಿಗೆ ಬಂತು. ಕರಾವಳಿಯ ಕೊಂಕಣಿ ಮಾತಿನ ಹುಡುಗ, ಕೋಲಾರದ ತೆಲುಗು ಮನೆಯವನು, ಬೆಂಗಳೂರಿನ ತಮಿಳು ಮನೆಯವನು, ಮೈಸೂರಿನ ಕನ್ನಡದವನು ಒಂದೇ ಮೇಜಿನಲ್ಲಿ ಊಟ ಮಾಡಿ ಬೆಳೆದದ್ದು ಇಂಥ ಮನೆಗಳಲ್ಲಿ. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಬಲಿಪೂಜೆ ಲತೀನಿನಿಂದ ಜನರ ಮಾತಿಗೆ ಬಂದಾಗ, ಒಬ್ಬ ಗುರುವಿಗೆ ಎರಡು ಮೂರು ಭಾಷೆ ಬರಲೇಬೇಕಾಯಿತು. ನನ್ನಂಥ ಮಾಸ್ತರರು ಒಳಗೆ ಹೋದದ್ದು ಹಾಗೆ.

ಈಗ ನನ್ನ ತರಗತಿಗೆ ಬನ್ನಿ. ಮಹಾಪ್ರಾಣ ಅಲ್ಪಪ್ರಾಣ, ಲಕಾರ ಳಕಾರ ತಿದ್ದುವುದು ಒಂದು ವರ್ಷದ ಕೆಲಸ. ಆ ಕೆಲಸಕ್ಕೆ ಹನ್ನೊಂದು ವರ್ಷ ಬೇಡ. ನಾನು ಪ್ರತಿ ವರ್ಷ ಒಂದು ಅಭ್ಯಾಸ ಕೊಡುತ್ತಿದ್ದೆ. ಒಂದು ಮನೆಯಲ್ಲಿ ಹರೆಯದ ಮಗ ಬೈಕ್ ಅಪಘಾತದಲ್ಲಿ ತೀರಿಕೊಂಡಿದ್ದಾನೆ, ನೀವು ಆ ಮನೆಗೆ ಹೋಗಿದ್ದೀರಿ, ತಾಯಿ ನಿಮ್ಮ ಎದುರಿಗೆ ಕುಳಿತಿದ್ದಾರೆ, ಏನು ಹೇಳುತ್ತೀರಿ ಬರೆಯಿರಿ. ಹೊಸದಾಗಿ ಬಂದವರು ನಾಲ್ಕು ಪುಟ ಬರೆಯುತ್ತಿದ್ದರು. ಪುನರುತ್ಥಾನ, ನಿತ್ಯಜೀವ, ದೇವರ ಚಿತ್ತ, ಮೇಲಿಂದ ಮೇಲೆ ಕೀರ್ತನೆಗಳ ಸಾಲುಗಳು. ತಪ್ಪು ಒಂದೂ ಇರುತ್ತಿರಲಿಲ್ಲ. ಆ ತಾಯಿಗೆ ಅದರಿಂದ ಏನೂ ಸಿಗುತ್ತಲೂ ಇರಲಿಲ್ಲ.

ಹೀಗೆ ನಾಲ್ಕು ಪುಟ ಬರೆದ ಒಬ್ಬ ಬ್ರದರ್ (ಗುರುಮಠದ ವಿದ್ಯಾರ್ಥಿಯನ್ನು ಹೀಗೆ ಕರೆಯುತ್ತೇವೆ) ನೆನಪಿದ್ದಾರೆ. ಬುದ್ಧಿವಂತ, ಅಕ್ಷರ ಮುತ್ತಿನ ಹಾಗೆ. ತತ್ವಶಾಸ್ತ್ರ ಮುಗಿಸಿ ರೀಜೆನ್ಸಿಗೆ ಬಯಲುಸೀಮೆಯ ಒಂದು ಹಳ್ಳಿಗೆ ಹೋದರು. ಅಲ್ಲಿ ಸಾವುಗಳಾದವು, ಬರಗಾಲದಲ್ಲಿ ವಲಸೆ ಹೋದವರ ಮನೆಗಳಲ್ಲಿ ಮುದುಕರು ಮಾತ್ರ ಉಳಿದಿದ್ದರು. ಮರಳಿ ಬಂದು ದೈವಶಾಸ್ತ್ರದ ಎರಡನೆಯ ವರ್ಷದಲ್ಲಿದ್ದಾಗ ನಾನು ಅದೇ ಅಭ್ಯಾಸವನ್ನು ಮತ್ತೆ ಕೊಟ್ಟೆ. ಬಹಳ ಹೊತ್ತು ಪೆನ್ನು ಹಿಡಿದು ಕುಳಿತು ಅವರು ಬರೆದದ್ದು ಮೂರೇ ಸಾಲು. ಮೊದಲ ಸಾಲು ಹೀಗಿತ್ತು: "ಅಮ್ಮ, ನಾನು ಸ್ವಲ್ಪ ಹೊತ್ತು ಇಲ್ಲೇ ಕುಳಿತಿರುತ್ತೇನೆ." ನಾಲ್ಕು ಪುಟದಿಂದ ಆ ಸಾಲಿಗೆ ಬರಲು ಅವರಿಗೆ ಐದು ವರ್ಷ ಹಿಡಿಯಿತು. ಪಾಠ ಹೇಳಿ ಅದನ್ನು ಐದು ತಿಂಗಳಲ್ಲಿ ತರಿಸಲು ನನ್ನಿಂದ ಸಾಧ್ಯವಿರಲಿಲ್ಲ. ಆ ಸಾಲನ್ನು ಬಾಯಿಪಾಠ ಮಾಡಿಸಬಹುದಿತ್ತು, ಅದು ನಿಜ. ಬಾಯಿಪಾಠ ಮಾಡಿದವರು ಎರಡು ನಿಮಿಷ ಕುಳಿತು ಗಡಿಯಾರ ನೋಡುತ್ತಾರೆ.

ಡಾಕ್ಟರರ ಹೋಲಿಕೆಗೆ ಬರುತ್ತೇನೆ. ಒಬ್ಬ ಡಾಕ್ಟರರ ಔಷಧ ಹಿಡಿಸದಿದ್ದರೆ ಇನ್ನೊಬ್ಬರ ಬಳಿ ಹೋಗುತ್ತೇವೆ. ಆದರೆ ಧರ್ಮಕೇಂದ್ರಕ್ಕೆ ಗುರುವನ್ನು ಕಳುಹಿಸುವವರು ಧರ್ಮಾಧ್ಯಕ್ಷರು. ಘಟ್ಟದ ಮೇಲಿನ ಕಾಫಿ ತೋಟದ ಲೈನ್ ಮನೆಯಲ್ಲಿ ರಾತ್ರಿ ಎರಡು ಗಂಟೆಗೆ ಒಬ್ಬ ಕೂಲಿಯಾಳು ಸಾಯುತ್ತಿದ್ದರೆ, ಅವನಿಗೆ ಆರಿಸಿಕೊಳ್ಳಲು ಹತ್ತು ಗುರುಗಳಿಲ್ಲ. ಬಂದವರೇ ಅವನಿಗೆ ಧರ್ಮಸಭೆ. ಪಾಪನಿವೇದನೆಯನ್ನೂ ಯೋಚಿಸಿ. ದೀಕ್ಷೆಯಾಗಿ ಮೂರು ವಾರವಾದ ಇಪ್ಪತ್ತೆಂಟರ ಯುವಕನ ಮುಂದೆ ಐವತ್ತು ವರ್ಷದ ಹೆಂಗಸೊಬ್ಬರು ಗಂಡನಿಗೂ ಹೇಳದ ಮಾತನ್ನು ಹೇಳುತ್ತಾರೆ. ಆ ಮಾತನ್ನು ಅವನು ಸಾಯುವವರೆಗೂ ಯಾರಿಗೂ, ಯಾವ ಕಾರಣಕ್ಕೂ, ಸುಳಿವಿನಲ್ಲೂ ಹೇಳುವ ಹಾಗಿಲ್ಲ. ಕೇಳುವಾಗ ಅಸಹ್ಯ ಪಡಬಾರದು, ಕುತೂಹಲ ಪಡಬಾರದು, ಹಗುರ ಮಾಡಬಾರದು. ತನ್ನ ಮನಸ್ಸಿನ ಕತ್ತಲೆಯನ್ನು ಇನ್ನೊಬ್ಬರ ಎದುರು ವರ್ಷಗಟ್ಟಲೆ ಬಿಚ್ಚಿ ತೋರಿಸಿದವನಿಗೆ ಮಾತ್ರ ಇದು ಸಾಧ್ಯ. ಗುರುಮಠದಲ್ಲಿ ಪ್ರತಿಯೊಬ್ಬನಿಗೂ ಒಬ್ಬ ಆಧ್ಯಾತ್ಮಿಕ ಮಾರ್ಗದರ್ಶಿ ಇರುವುದು ಅದಕ್ಕಾಗಿ. ಬೇರೆಯವರ ಗುಟ್ಟನ್ನು ಹೊರುವ ಮೊದಲು ತನ್ನ ಗುಟ್ಟನ್ನು ಇನ್ನೊಬ್ಬರ ಕೈಗೆ ಕೊಟ್ಟು ನೋಡಬೇಕು.

ಇಷ್ಟು ಹೇಳಿದಾಗಲೆಲ್ಲ ಯಾರಾದರೂ ಒಬ್ಬರು ಸಂತ ಜಾನ್ ಮರಿಯ ವಿಯಾನಿಯವರ ಹೆಸರು ತೆಗೆಯುತ್ತಾರೆ. ಲತೀನ್ ಬರದವರು, ಗುರುಮಠದ ಪರೀಕ್ಷೆಯಲ್ಲಿ ಸೋತವರು, ಆದರೂ ಎಲ್ಲ ಧರ್ಮಕೇಂದ್ರದ ಗುರುಗಳಿಗೆ ಪಾಲಕ ಸಂತರಾದರಲ್ಲ, ಹಾಗಾದರೆ ಓದು ಯಾಕೆ ಎಂದು. ಆ ಕಥೆಯನ್ನು ಪೂರ್ತಿಯಾಗಿ ನೋಡೋಣ. ವಿಯಾನಿ ಹುಟ್ಟಿದ್ದು 1786ರಲ್ಲಿ, ಫ್ರಾನ್ಸಿನ ಲಿಯೋನ್ ಬಳಿಯ ಒಂದು ರೈತ ಮನೆಯಲ್ಲಿ. ಅವರ ಬಾಲ್ಯ ಫ್ರೆಂಚ್ ಕ್ರಾಂತಿಯಲ್ಲಿ ಕಳೆಯಿತು. ಗುರುಗಳು ತಲೆಮರೆಸಿಕೊಂಡು ಪೂಜೆ ಮಾಡುತ್ತಿದ್ದ ಕಾಲ, ಶಾಲೆಗೆ ಹೋದದ್ದೇ ಕಡಿಮೆ. ಇಪ್ಪತ್ತರ ಆಸುಪಾಸಿನಲ್ಲಿ ಎಕ್ಯುಲಿ ಎಂಬ ಊರಿನ ಗುರು ಬಾಲೇ ಅವರ ಬಳಿ ಚಿಕ್ಕ ಹುಡುಗರ ಜೊತೆ ಕುಳಿತು ಲತೀನ್ ಶುರುಮಾಡಿದರು. ನಡುವೆ ನೆಪೋಲಿಯನ್ನನ ಸೈನ್ಯಕ್ಕೆ ಕರೆ ಬಂತು, ಸೈನ್ಯ ಸೇರದೆ ಒಂದು ಗುಡ್ಡಗಾಡು ಹಳ್ಳಿಯಲ್ಲಿ ಅಡಗಿದ್ದರು. ಮರಳಿ ಬಂದು ಮತ್ತೆ ಓದು. ಲಿಯೋನಿನ ಗುರುಮಠದಲ್ಲಿ ಪಾಠ ಲತೀನಿನಲ್ಲಿ, ಪ್ರಶ್ನೆಗಳು ಲತೀನಿನಲ್ಲಿ. ಅವರಿಗೆ ದಕ್ಕಲಿಲ್ಲ, ಕಳುಹಿಸಿಬಿಟ್ಟರು. ಬಾಲೇ ಕೈ ಬಿಡಲಿಲ್ಲ. ಫ್ರೆಂಚ್ ಭಾಷೆಯಲ್ಲಿ ದೈವಶಾಸ್ತ್ರ ಕಲಿಸಿದರು, ಮರುಪರೀಕ್ಷೆಗೆ ಬೇಡಿಕೊಂಡರು. 1815ರ ಆಗಸ್ಟ್ 13ರಂದು ಗ್ರನೋಬಲ್‌ನಲ್ಲಿ ದೀಕ್ಷೆಯಾದಾಗ ವಿಯಾನಿಗೆ 29 ವರ್ಷ.

ಇಪ್ಪತ್ತರಿಂದ ಇಪ್ಪತ್ತೊಂಬತ್ತು. ಲೆಕ್ಕ ಹಾಕಿ ನೋಡಿ. ಕಥೆ ಅಲ್ಲಿಗೂ ಮುಗಿಯುವುದಿಲ್ಲ. ದೀಕ್ಷೆಯಾದ ಕೂಡಲೇ ಅವರಿಗೆ ಪಾಪನಿವೇದನೆ ಕೇಳುವ ಅಧಿಕಾರ ಸಿಗಲಿಲ್ಲ, ಕೆಲವು ತಿಂಗಳು ತಡೆದರು. ಅಧಿಕಾರ ಬಂದಾಗ ಮೊದಲು ಅವರ ಮುಂದೆ ಮೊಣಕಾಲೂರಿದವರು ಬಾಲೇ. ಕಲಿಸಿದ ಗುರು ಶಿಷ್ಯನ ಮುಂದೆ ತನ್ನ ಪಾಪ ಹೇಳಿಕೊಂಡ ಆ ಚಿತ್ರ ನನ್ನ ಮನಸ್ಸಿನಲ್ಲಿ ಎಂದೂ ಅಳಿಯುವುದಿಲ್ಲ. ಬಾಲೇ ತೀರಿಕೊಳ್ಳುವವರೆಗೆ ಅವರ ಜೊತೆಯಲ್ಲೇ ಸಹಾಯಕ ಗುರುವಾಗಿದ್ದು, 1818ರಲ್ಲಿ ಆರ್ಸ್ ಎಂಬ ಸಣ್ಣ ಹಳ್ಳಿಗೆ ಹೋದರು. ಸುಮಾರು 230 ಜನರ ಊರು. 1859ರಲ್ಲಿ ಸಾಯುವವರೆಗೂ ಅಲ್ಲೇ ಇದ್ದರು. ಕೊನೆಯ ವರ್ಷಗಳಲ್ಲಿ ದಿನಕ್ಕೆ ಹದಿನಾರು ಗಂಟೆಯವರೆಗೂ ಪಾಪನಿವೇದನೆಯ ಪೀಠದಲ್ಲಿ ಕುಳಿತರು. ಪರೀಕ್ಷೆಯಲ್ಲಿ ಸೋತವನು ಸಂತನಾದ ಎನ್ನುವುದು ಈ ಕಥೆಯ ಅರ್ಧ. ಒಬ್ಬ ಹಿರಿಯ ಗುರು ತನ್ನ ಬದುಕಿನ ಹತ್ತು ವರ್ಷವನ್ನು ಒಬ್ಬನೇ ಶಿಷ್ಯನಿಗೆ ಸುರಿದ ಎನ್ನುವುದು ಇನ್ನರ್ಧ. ಅಷ್ಟು ಕಷ್ಟದ, ಅಷ್ಟು ಹತ್ತಿರದ ತರಬೇತಿಯನ್ನು ಇಂದು ಯಾವ ಗುರುಮಠವೂ ಕೊಡಲಾರದು. ವಿಯಾನಿಯವರನ್ನು ತರಬೇತಿ ಬೇಡ ಎನ್ನಲು ಸಾಕ್ಷಿಯಾಗಿ ಕರೆಯಬೇಡಿ.

ನಮ್ಮ ಮಣ್ಣಿಗೆ ಸಂಬಂಧಪಟ್ಟ ಇನ್ನೊಬ್ಬರು ಸಂತ ಜೋಸೆಫ್ ವಾಜ್. ಗೋವದ ಬಾಣಾವಲಿಯಲ್ಲಿ 1651ರಲ್ಲಿ ಹುಟ್ಟಿ, ಗೋವದ ವಿದ್ಯಾಲಯಗಳಲ್ಲಿ ಓದಿ, 1676ರಲ್ಲಿ ದೀಕ್ಷೆ ಪಡೆದು, 1681ರಲ್ಲಿ ಕೆನರಾಕ್ಕೆ, ಅಂದರೆ ನಮ್ಮ ಈ ಕರಾವಳಿಗೆ, ಬಂದರು. ಅವರ ಪುಣ್ಯಕ್ಷೇತ್ರವಿರುವ ಮುಡಿಪುವಿನ ಗುಡ್ಡಕ್ಕೆ ನೀವೆಲ್ಲ ಯಾತ್ರೆ ಹೋದವರೇ. ಮುಂದೆ ಸಿಂಹಳಕ್ಕೆ (ಇಂದಿನ ಶ್ರೀಲಂಕಾ) ಹೋದಾಗ ಕ್ಯಾಂಡಿಯ ಅರಸ ಅವರನ್ನು ಪೋರ್ಚುಗೀಸರ ಗೂಢಚಾರನೆಂದು ಸೆರೆಯಲ್ಲಿಟ್ಟ. ಸೆರೆಯಲ್ಲಿ ಅವರು ಮಾಡಿದ್ದು ಸಿಂಹಳ ಭಾಷೆಯ ಕಲಿಕೆ. ಆಗ ಅವರಿಗೆ ನಲವತ್ತು ದಾಟಿತ್ತು. ಭಾಷೆಯ ಮಾಸ್ತರನಾದ ನನಗೆ ಇದು ಬಹಳ ದೊಡ್ಡದಾಗಿ ಕಾಣುತ್ತದೆ.

ಇನ್ನು ಬಿಟ್ಟು ಹೋಗುವವರ ಮಾತು. ಸೇರಿದ ಎಲ್ಲರೂ ಗುರುಗಳಾಗುವುದಿಲ್ಲ. ಆರನೆಯ ವರ್ಷದಲ್ಲಿ ಬಿಟ್ಟು ಹೋದ ಒಬ್ಬ ಹುಡುಗನ ಮನೆಗೆ ನಾನು ಹೋಗಿದ್ದೆ. ಅವನ ತಾಯಿ ನಾಲ್ಕು ವಾರ ಇಗರ್ಜಿಗೆ ಬಂದಿರಲಿಲ್ಲ. ಜನ ಏನೆಂದಾರು ಎಂಬ ಭಯ. "ಅರ್ಧಕ್ಕೆ ಬಿಟ್ಟು ಬಂದವನು" ಎಂದು ಊರಿನಲ್ಲಿ ಯಾರೋ ಆಗಲೇ ಹೇಳಿದ್ದರು. ನಾನು ಆ ತಾಯಿಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಆರು ವರ್ಷ ಪ್ರಾರ್ಥಿಸಿ, ತನ್ನನ್ನು ತಾನು ಪರೀಕ್ಷಿಸಿ, ಇದು ನನ್ನ ದಾರಿಯಲ್ಲ ಎಂದು ಧೈರ್ಯವಾಗಿ ಹೇಳಿದವನಲ್ಲಿ ತರಬೇತಿ ತನ್ನ ಕೆಲಸವನ್ನು ಪೂರ್ತಿ ಮಾಡಿದೆ. ಹನ್ನೊಂದು ವರ್ಷದ ದೊಡ್ಡ ಪ್ರಯೋಜನವೇ ಅಷ್ಟೂ ಕಾಲ ಬಾಗಿಲು ತೆರೆದಿರುವುದು. ಮೂರು ವರ್ಷಕ್ಕೆ ದೀಕ್ಷೆ ಕೊಟ್ಟಿದ್ದರೆ ಅದೇ ಸತ್ಯ ಅವನಿಗೆ ನಲವತ್ತನೆಯ ವಯಸ್ಸಿನಲ್ಲಿ ಗೊತ್ತಾಗುತ್ತಿತ್ತು. ಆಗ ಒಡೆಯುವುದು ಅವನೊಬ್ಬನೇ ಅಲ್ಲ, ಒಂದು ಇಡೀ ಧರ್ಮಕೇಂದ್ರ. ಆ ಹುಡುಗ ಈಗ ಎರಡು ಮಕ್ಕಳ ತಂದೆ, ಅವನ ಊರಿನಲ್ಲಿ ಭಾನುವಾರದ ವಾಚನವನ್ನು ಅವನಷ್ಟು ಚೆನ್ನಾಗಿ ಓದುವವರು ಇನ್ನೊಬ್ಬರಿಲ್ಲ.

ಬಲಿತ ನೇಜಿಯ ಮಾತಿಗೆ ಮತ್ತೆ ಬರುತ್ತೇನೆ ಎಂದಿದ್ದೆ. ಉದ್ದದ ತರಬೇತಿ ಅಂದ ಮಾತ್ರಕ್ಕೆ ಒಳ್ಳೆಯ ತರಬೇತಿಯಲ್ಲ. ಇದನ್ನು ಮುಚ್ಚಿಟ್ಟು ಮಾತನಾಡಿದರೆ ನಾನು ನಿಮಗೆ ಮೋಸ ಮಾಡಿದ ಹಾಗೆ. ಅಮೆರಿಕದ ಧರ್ಮಾಧ್ಯಕ್ಷರೇ ಮಾಡಿಸಿದ ಅಧ್ಯಯನ 2004ರಲ್ಲಿ ಹೊರಬಂತು. 1950ರಿಂದ 2002ರವರೆಗೆ ಆ ದೇಶದಲ್ಲಿ 4,392 ಗುರುಗಳ ಮೇಲೆ ಮಕ್ಕಳ ಲೈಂಗಿಕ ದೌರ್ಜನ್ಯದ ಆರೋಪ ಬಂದಿತ್ತು ಎಂದು ಅದು ಲೆಕ್ಕ ಕೊಟ್ಟಿತು. ಇವರಲ್ಲಿ ಬಹಳಷ್ಟು ಜನ ವರ್ಷಗಟ್ಟಲೆ ಗುರುಮಠದಲ್ಲಿ ಕಳೆದವರು. ಬೆಳಗ್ಗೆ ಐದಕ್ಕೆ ಎದ್ದು, ಗಂಟೆ ಹೊಡೆದ ಹಾಗೆ ಪ್ರಾರ್ಥಿಸಿ, ಲತೀನಿನಲ್ಲಿ ಪಾಸಾದವರು. ಅವರ ಮನಸ್ಸಿನ ಒಳಗೆ ಏನಿತ್ತು ಎಂದು ಯಾರೂ ಕೇಳಲಿಲ್ಲ, ಅಥವಾ ಕಂಡವರು ಹೇಳಲಿಲ್ಲ. ಎತ್ತರದ ಗೋಡೆ, ಮೌನ, ವಿಧೇಯತೆ, ಇವುಗಳಲ್ಲಿ ಒಬ್ಬ ಮನುಷ್ಯ ಹತ್ತು ವರ್ಷ ಅಡಗಿಕೊಳ್ಳಲೂ ಸಾಧ್ಯ. 1992ರಲ್ಲಿ ಎರಡನೆಯ ಜಾನ್ ಪಾಲ್ ಜಗದ್ಗುರುಗಳು (ಪೋಪ್) ಗುರು ತರಬೇತಿಯ ಬಗ್ಗೆ ಬರೆದ ಪತ್ರದಲ್ಲಿ ನಾಲ್ಕು ಆಯಾಮಗಳನ್ನು ಹೇಳಿ, ಮಾನವೀಯ ರೂಪಣೆಯನ್ನು ಎಲ್ಲಕ್ಕೂ ಬುನಾದಿಯಾಗಿ ಮೊದಲು ಇಟ್ಟರು. ಆಧ್ಯಾತ್ಮಿಕ, ಬೌದ್ಧಿಕ, ಪಾಲನಾ ರೂಪಣೆಗಳು ಅದರ ಮೇಲೆ ನಿಲ್ಲಬೇಕು. ಗುರುವಿನ ವ್ಯಕ್ತಿತ್ವ ಜನರಿಗೂ ಕ್ರಿಸ್ತನಿಗೂ ನಡುವೆ ಸೇತುವೆಯಾಗಬೇಕು, ಅಡ್ಡಗೋಡೆಯಾಗಬಾರದು ಎಂಬುದು ಅವರ ಭಾವ. ಹಾಗಾಗಿ ನಾನು ಕೇಳುವುದು ವರ್ಷಗಳ ಸಂಖ್ಯೆಯನ್ನಲ್ಲ. ಆ ವರ್ಷಗಳು ಅವನನ್ನು ಜನರ ನಡುವೆ ತಳ್ಳಿದವೇ? ಅವನ ಕೋಪ, ಅವನ ಒಂಟಿತನ, ಹಣದ ಮೇಲಿನ ಅವನ ಕಣ್ಣು, ಕೆಳಗಿನವರೊಡನೆ ಅವನ ನಡೆ ಇವುಗಳನ್ನು ಯಾರಾದರೂ ಕಂಡು ಮುಖಕ್ಕೆ ಹೇಳಿದರೇ?

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ಪ್ರತಿ ವರ್ಷದ ಕೊನೆಗೆ ನಮ್ಮಂಥ ಹೊರಗಿನ ಅಧ್ಯಾಪಕರಿಂದಲೂ ಲಿಖಿತ ಅಭಿಪ್ರಾಯ ಕೇಳುತ್ತಿದ್ದರು. ಒಬ್ಬ ವಿದ್ಯಾರ್ಥಿ ಕನ್ನಡದಲ್ಲಿ ಎಲ್ಲರಿಗಿಂತ ಮುಂದೆ. ಒಂದು ಮಧ್ಯಾಹ್ನ ಅವನು ಅಡುಗೆಮನೆಯ ಕೆಲಸದವನೊಬ್ಬನನ್ನು ತಟ್ಟೆ ತೊಳೆದದ್ದು ಸರಿಯಾಗಲಿಲ್ಲವೆಂದು ಎಲ್ಲರೆದುರು ಹೀನಾಯವಾಗಿ ಬೈಯುವುದನ್ನು ಕಂಡೆ. ಆ ಮನುಷ್ಯ ಅವನ ತಂದೆಯ ವಯಸ್ಸಿನವನು. ನಾನು ಅದನ್ನು ಬರೆಯಲಿಲ್ಲ. ಉತ್ತಮ ಭಾಷಾಜ್ಞಾನ, ಒಳ್ಳೆಯ ಭಾಷಣಕಾರ ಎಂದು ಬರೆದು ಸಹಿ ಹಾಕಿದೆ. ಅವನು ಗುರುವಾದ. ಅವನ ಮೊದಲ ಧರ್ಮಕೇಂದ್ರದಲ್ಲಿ ಮೂವತ್ತು ವರ್ಷದಿಂದ ಗಂಟೆ ಹೊಡೆಯುತ್ತಿದ್ದ ಮುದುಕರು ಎರಡೇ ವರ್ಷದಲ್ಲಿ ಕೆಲಸ ಬಿಟ್ಟು ಹೋದರು ಎಂದು ನಂತರ ಕೇಳಿದೆ. ಆ ಅಭಿಪ್ರಾಯ ಪತ್ರದ ಖಾಲಿ ಜಾಗ ನನಗೆ ಇಂದಿಗೂ ಕಣ್ಣಿಗೆ ಕಟ್ಟುತ್ತದೆ. ಒಂದು ಸಾಲು ಬರೆದಿದ್ದರೆ ಅವನನ್ನು ಓಡಿಸುತ್ತಿರಲಿಲ್ಲ. ಗುರುಮಠದ ಮುಖ್ಯಸ್ಥರಾದ ರೆಕ್ಟರ್ ಅವನನ್ನು ಕೂರಿಸಿ ಮಾತನಾಡುತ್ತಿದ್ದರು, ಒಂದು ವರ್ಷ ತಡೆಯುತ್ತಿದ್ದರು. ಆ ಒಂದು ವರ್ಷ ಅವನಿಗೆ ಬೇಕಾಗಿತ್ತು.

ಗುರುದೀಕ್ಷೆಯ ವಿಧಿಯನ್ನು ನೀವು ನೋಡಿದ್ದೀರಿ. ಸಂತರ ಪ್ರಾರ್ಥನಾವಳಿಯ ಹೊತ್ತಿಗೆ ಅಭ್ಯರ್ಥಿ ನೆಲದ ಮೇಲೆ ಬೋರಲು ಮಲಗುವುದನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ, ಫೋಟೋ ತೆಗೆಯುತ್ತಾರೆ. ಅದಕ್ಕಿಂತ ಮೊದಲು ಒಂದು ಪ್ರಶ್ನೋತ್ತರ ಇದೆ. ಇವನು ಯೋಗ್ಯನೆಂದು ನಿಮಗೆ ಗೊತ್ತೇ ಎಂದು ಧರ್ಮಾಧ್ಯಕ್ಷರು ಕೇಳುತ್ತಾರೆ. ಕ್ರೈಸ್ತ ಜನರನ್ನು ವಿಚಾರಿಸಿ, ಜವಾಬ್ದಾರಿ ಹೊತ್ತವರ ಶಿಫಾರಸು ಪಡೆದು, ಯೋಗ್ಯನೆಂದು ಕಂಡುಬಂದಿದೆ ಎಂದು ಒಬ್ಬ ಗುರು ಸಾಕ್ಷಿ ನುಡಿಯುತ್ತಾರೆ. ಕ್ರೈಸ್ತ ಜನರು ಎಂದರೆ ಈ ಬೆಂಚುಗಳಲ್ಲಿ ಕುಳಿತಿರುವ ನೀವು. ದೀಕ್ಷೆಗೆ ಮುಂಚೆ ಅವನ ಹೆಸರನ್ನು ಇಗರ್ಜಿಯಲ್ಲಿ ಓದುವಾಗ, ಅಡ್ಡಿಯೇನಾದರೂ ಗೊತ್ತಿದ್ದರೆ ತಿಳಿಸುವುದು ವಿಶ್ವಾಸಿಗಳ ಕರ್ತವ್ಯ ಎಂದು ಕಾನೂನೇ ಹೇಳುತ್ತದೆ.

ನಿಮ್ಮ ಧರ್ಮಕೇಂದ್ರಕ್ಕೆ ಬರುವ ಜೂನ್‌ನಲ್ಲಿ ಒಬ್ಬ ಬ್ರದರ್ ರೀಜೆನ್ಸಿಗೆ ಬರುತ್ತಾರೆಂದು ಗುರುಗಳು ಈಗ ತಾನೇ ಹೇಳಿದರು. ಅವರನ್ನು ಹಬ್ಬದ ಊಟಕ್ಕೆ ಕರೆಯಿರಿ, ಆದರೆ ಕಾಯಿಲೆಯವರ ಮನೆಗೂ ಕರೆದುಕೊಂಡು ಹೋಗಿ. ಸುಮ್ಮನೆ ಹೊಗಳಬೇಡಿ. ಗಾಯನ ಮಂಡಳಿಯ ಮಕ್ಕಳೊಡನೆ, ಸ್ಮಶಾನದಲ್ಲಿ ಗುಂಡಿ ತೋಡುವವರೊಡನೆ ಅವರು ಹೇಗೆ ಮಾತನಾಡುತ್ತಾರೆ ನೋಡಿ. ವರ್ಷದ ಕೊನೆಗೆ ಗುರುಮಠದಿಂದ ಅಭಿಪ್ರಾಯ ಕೇಳಿ ಪತ್ರ ಬಂದಾಗ, ಪಾಲನಾ ಮಂಡಳಿಯವರು ದಯವಿಟ್ಟು ಕುಳಿತು, ಕಂಡದ್ದನ್ನು ಕಂಡ ಹಾಗೆ ಬರೆದು ಕಳುಹಿಸಿ.